ಸಹಾಯ ಬೇಕು: ಕಂಬಳದ ವಿಡಿಯೊ ನಿಧಾನಗೊಳಿಸಿದರೆ ನೀರೆಲ್ಲ ಅಂಟಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಈ ಋತುವಿನ ಕೊನೆಯ ಕಂಬಳಕ್ಕೆ ಹೋಗಿದ್ದೆ. ಕೆಸರು ನೀರು ಆಳೆತ್ತರಕ್ಕೆ ಚಿಮ್ಮುವ ಎಂಟು ಸೆಕೆಂಡುಗಳ ದೃಶ್ಯವೊಂದು ಸಿಕ್ಕಿತು. ಆದರೆ ಗಡಿಬಿಡಿಯಲ್ಲಿ ಕ್ಯಾಮೆರಾವನ್ನು ಸೆಕೆಂಡಿಗೆ 120 ಫ್ರೇಮ್‌ಗೆ ಬದಲಿಸುವುದನ್ನೇ ಮರೆತೆ. ಎಲ್ಲವೂ 30 ಫ್ರೇಮ್‌ನಲ್ಲಿದೆ. ತಪ್ಪು ನನ್ನದೇ.

ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಸಂಕಲನ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ, 30 ಫ್ರೇಮ್‌ನ ಟೈಮ್‌ಲೈನ್ ಇಟ್ಟು ವೇಗವನ್ನು ಶೇ 25ಕ್ಕೆ ಇಳಿಸಿದ್ದೇನೆ. ಅಂದರೆ ಪ್ರತಿ ನಾಲ್ಕು ಫ್ರೇಮ್‌ಗಳಲ್ಲಿ ಮೂರನ್ನು ತಂತ್ರಾಂಶವೇ ಊಹಿಸಿ ಹುಟ್ಟಿಸಬೇಕು. ಇದ್ದ ಫ್ರೇಮನ್ನೇ ಮತ್ತೆ ಮತ್ತೆ ತೋರಿಸುವ ‘ನಿಯರೆಸ್ಟ್’ ಆಯ್ಕೆಯಲ್ಲಿ ಚಿತ್ರ ತಡವರಿಸುತ್ತದೆ. ಅಕ್ಕಪಕ್ಕದ ಫ್ರೇಮ್‌ಗಳನ್ನು ಬೆರೆಸುವ ‘ಫ್ರೇಮ್ ಬ್ಲೆಂಡ್’ ಕೊಟ್ಟರೆ ಒಂದು ಕೋಣಕ್ಕೆ ಎಂಟು ಕಾಲು! ಚಲನೆಯನ್ನು ಲೆಕ್ಕಹಾಕಿ ನಡುವಿನ ಫ್ರೇಮ್‌ಗಳನ್ನು ಹುಟ್ಟಿಸುವ ‘ಆಪ್ಟಿಕಲ್ ಫ್ಲೋ’ನಲ್ಲಿ ಓಡಿಸುವವರ ದೇಹ ನಯವಾಗಿ ಚಲಿಸುತ್ತದೆ, ಆದರೆ ನೀರಹನಿಗಳು ಹಲಸಿನ ಮೇಣದಂತೆ ಎಳೆಎಳೆಯಾಗುತ್ತವೆ. ಹನಿಗಳಿಗೆ ಹಿಂದಿನ ಫ್ರೇಮ್‌ನಲ್ಲಿ ಜೋಡಿ ಸಿಗದಿರುವುದೇ ಕಾರಣವಿರಬೇಕು.

ಶೇ 50ಕ್ಕೆ ನಿಲ್ಲಿಸಿದರೆ ಪರವಾಗಿಲ್ಲ, ಆದರೆ ಆ ಸೊಗಸು ಬರುವುದಿಲ್ಲ. ನೀರಿಗೆ ಮಾಸ್ಕ್ ಹಾಕಿ (ಆ ಭಾಗವನ್ನಷ್ಟೇ ಬೇರ್ಪಡಿಸಿ) ಅದಕ್ಕೆ ಮಾತ್ರ ಫ್ರೇಮ್ ಬ್ಲೆಂಡ್, ಉಳಿದದ್ದಕ್ಕೆ ಆಪ್ಟಿಕಲ್ ಫ್ಲೋ ಎಂದು ಎರಡು ಪದರಗಳಲ್ಲಿ ಯಾರಾದರೂ ಮಾಡಿ ನೋಡಿದ್ದೀರಾ? ಚಲನೆಯನ್ನು ಅಂದಾಜಿಸುವ ‘ಮೋಷನ್ ಎಸ್ಟಿಮೇಷನ್’ ಸೆಟ್ಟಿಂಗ್‌ನಲ್ಲಿ ಯಾವ ಆಯ್ಕೆ ಒಳ್ಳೆಯದು? ದಯವಿಟ್ಟು ಮತ್ತೆ ಚಿತ್ರೀಕರಿಸಿ ಎನ್ನಬೇಡಿ. ಕೋಣಗಳು ಇನ್ನು ಕರೆಗೆ (ಓಟದ ಕೆಸರುಗದ್ದೆಗೆ) ಇಳಿಯುವುದು ಮಳೆಗಾಲ ಕಳೆದ ಮೇಲೆಯೇ.