ಸಹಾಯ ಬೇಕು: ಗ್ಯಾಲಕ್ಸಿಗಳ ಬಗ್ಗೆ ಪಠ್ಯಪುಸ್ತಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದಾಳೆ. ಆಕಾಶ ಅಂದ್ರೆ ಪ್ರಾಣ ಅವಳಿಗೆ. ಐಐಎಸ್ಸಿಯ ಅರ್ನಬ್ ರಾಯ್ ಚೌಧುರಿ ಅವರ 'ಆಸ್ಟ್ರೋಫಿಸಿಕ್ಸ್ ಫಾರ್ ಫಿಸಿಸಿಸ್ಟ್ಸ್' ಓದಿದ್ದಾಳೆ. ಎಸ್. ಚಂದ್ರಶೇಖರ್ 1939ರಲ್ಲಿ ಬರೆದ ನಕ್ಷತ್ರ ರಚನೆಯ ಪುಸ್ತಕವೂ ಮನೆಯಲ್ಲಿದೆ. ಎಷ್ಟು ಹಳೆಯದಾದರೂ ಅದರ ಗಣಿತ ಓದಲೇಬೇಕು ಅಂತ ನನಗನಿಸುತ್ತದೆ.

ಈಗ ಗ್ಯಾಲಕ್ಸಿಗಳ ಬಗ್ಗೆ ಬೇಕು. ಸುರುಳಿ ಗ್ಯಾಲಕ್ಸಿಯ ಅಂಚಿನ ನಕ್ಷತ್ರಗಳು ನಾವು ಅಂದುಕೊಂಡಷ್ಟು ನಿಧಾನವಾಗಿ ಸುತ್ತುವುದಿಲ್ಲ ಅಲ್ವಾ? 1970ರ ದಶಕದಲ್ಲಿ ಖಗೋಳ ವಿಜ್ಞಾನಿ ವೆರಾ ರೂಬಿನ್ ಅಳೆದು ತೋರಿಸಿದ್ದು ಇದನ್ನೇ. ಅಷ್ಟು ವೇಗದ ನಕ್ಷತ್ರಗಳನ್ನು ಹಿಡಿದಿಡಲು ಕಾಣುವ ವಸ್ತುವಿನ ಗುರುತ್ವ ಸಾಲದು; ಹಾಗಾಗಿ ಕಾಣದ ಡಾರ್ಕ್ ಮ್ಯಾಟರ್ ಇರಬೇಕು ಅನ್ನೋ ವಾದಕ್ಕೆ ಇದೊಂದು ದೊಡ್ಡ ಆಧಾರ. ಆ ಲೆಕ್ಕವನ್ನು ಪೂರ್ತಿ ಕಲಿಯಬೇಕು ಅವಳಿಗೆ.

ಬಿನ್ನಿ, ಟ್ರಿಮೇನ್ ಬರೆದ 'ಗ್ಯಾಲಾಕ್ಟಿಕ್ ಡೈನಾಮಿಕ್ಸ್' 2008ರ ಆವೃತ್ತಿ ಯಾರ ಹತ್ತಿರವಾದರೂ ಇದೆಯಾ? ಹಳೆಯದಾದರೂ ಕೊಂಡುಕೊಳ್ಳುತ್ತೇವೆ. ಅದಕ್ಕಿಂತ ಮೊದಲು ಇನ್ನೇನಾದರೂ ಓದಬೇಕಾ? ಕೋರಮಂಗಲದ ಐಐಎ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್) ಲೈಬ್ರರಿಯಲ್ಲಿ ಹೊರಗಿನ ವಿದ್ಯಾರ್ಥಿಗಳು ಕೂತು ಓದಬಹುದಾ? ಗೊತ್ತಿರುವವರು ದಯವಿಟ್ಟು ತಿಳಿಸಿ.