ನಿಂತುಹೋದ ಕಾದಂಬರಿ: ಮುಂದುವರಿಸುವುದೋ, ಹೊಸದಾಗಿ ಶುರುಮಾಡುವುದೋ?

ಪ್ರಶ್ನೆ: ಐವತ್ತರ ಆಸುಪಾಸು, ಆಪ್ತರ ಸಾವಿನ ನಂತರ ಬರವಣಿಗೆ ನಿಂತಿದೆ. ಅರ್ಧ ಹಸ್ತಪ್ರತಿ ಪೆಟ್ಟಿಗೆಯಲ್ಲಿದೆ. ಎಲ್ಲಿಂದ ಆರಂಭಿಸಬೇಕು?

ಉತ್ತರ 1: ಓದಿನಿಂದ. ಪ್ರಿಂಟ್ ತೆಗೆದು, ಪೆನ್ನು ದೂರವಿಟ್ಟು ಪೂರ್ತಿ ಓದಿ. ಓದುತ್ತಲೇ ತಿದ್ದಲು ಹೊರಟರೆ ಮೂರನೇ ಅಧ್ಯಾಯವೂ ದಾಟುವುದಿಲ್ಲ. ಹಳೆಯ ದನಿ ಈಗಿನದಕ್ಕೆ ಒಗ್ಗದೆ, ಮೊದಲ ಪುಟಗಳನ್ನೇ ಮತ್ತೆ ಮತ್ತೆ ಉಜ್ಜುತ್ತಾ ಕೂರುತ್ತೀರಿ. ಓದಿ ಮುಗಿದ ಮೇಲೆ ಅಧ್ಯಾಯಕ್ಕೊಂದು ಸಾಲು ಬರೆಯಿರಿ: ಏನು ಬದಲಾಯಿತು, ಯಾರ ಕಣ್ಣಿನಿಂದ ಕಂಡದ್ದು. ಏನೂ ಬದಲಾಗದ ಅಧ್ಯಾಯಗಳನ್ನು ಬೇರೆ ಫೈಲಿಗೆ ಸರಿಸಿ. ಅಳಿಸಬೇಡಿ.

ಉತ್ತರ 2: ದುಃಖ ಹಸಿಯಾಗಿದ್ದರೆ ಹಸ್ತಪ್ರತಿ ಮುಟ್ಟಲೇಬೇಡಿ, ಪಾತ್ರಗಳೆಲ್ಲ ನಿಮ್ಮ ಶೋಕವನ್ನೇ ಮಾತಾಡತೊಡಗುತ್ತವೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ ಕ್ರಮ ಸರಳ: ಸತತ 4 ದಿನ, ದಿನಕ್ಕೆ 15 ನಿಮಿಷ, ವ್ಯಾಕರಣದ ಗೊಡವೆಯಿಲ್ಲದೆ ನೋವಿನ ಬಗ್ಗೆ ಬರೆಯುವುದು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕುಗ್ಗಬಹುದು, ಅದು ನಿರೀಕ್ಷಿತವೇ. ತಡೆಯಲಾಗದಷ್ಟಾದರೆ ನಿಲ್ಲಿಸಿ. ಆ ಪುಟಗಳನ್ನು ಕಾದಂಬರಿಗೆ ಹೊಲಿಯಲು ಹೋಗಬೇಡಿ.

ಉತ್ತರ 3: ಎರಡೂ ಸರಿ, ಕ್ರಮ ಮಾತ್ರ ಮುಖ್ಯ. ಮೊದಲು ಎರಡನೆಯದು, ಕೆಲವು ವಾರ ಬಿಟ್ಟು ಮೊದಲನೆಯದು. ದಿನಕ್ಕೆ ಸಾವಿರ ಪದ ಎಂಬ ಹಳೆಯ ಗುರಿ ಬೇಡ, 200 ಸಾಕು. ಮುಂದಿನ ವಾಕ್ಯ ಗೊತ್ತಿರುವಾಗಲೇ ಎದ್ದುಬಿಡಿ, ಮರುದಿನ ಖಾಲಿ ಹಾಳೆಯ ಕಾಟ ಇರುವುದಿಲ್ಲ.