ಪದಚರ್ಚೆ: ಮೈದಾನದ ಗೋಡೆಗೆ ‘ಮೊಮೆಂಟಮ್’ ಏನಂತ ಬರೆಸೋಣ?

ತೀರ್ಥಹಳ್ಳಿ ಮೇಷ್ಟ್ರು:
ನಾಳೆ ಬೆಳಿಗ್ಗೆ ಪೇಂಟರ್ ಬರ್ತಾರೆ, ಅಷ್ಟರೊಳಗೆ ‘ಮೊಮೆಂಟಮ್’ಗೆ, ಅಂದ್ರೆ ಓಡುವ ವಸ್ತುವಿನ ರಾಶಿಯನ್ನು (ಮಾಸ್) ವೇಗದಿಂದ ಗುಣಿಸಿದ್ದಕ್ಕೆ, ಒಂದು ಪದ ಬೇಕು. ನಮ್ಮ ಹೈಸ್ಕೂಲ್ ಮೈದಾನದ ಗೋಡೆ ಮೇಲೆ ಆಟದಲ್ಲಿರುವ ವಿಜ್ಞಾನ ಬರೆಸುತ್ತಿದ್ದೇವೆ. ಮೊದಲನೆಯದು, ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳೋದು ಯಾಕೆ ಅಂತ. 160 ಗ್ರಾಂ ಚೆಂಡು ಸೆಕೆಂಡಿಗೆ 20 ಮೀಟರಿನಂತೆ ಬಂತು ಅನ್ನಿ. ಕೈ ಬಿಗಿ ಹಿಡಿದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಿಲ್ಲಿಸಿದರೆ ಅಂಗೈಗೆ ಸರಾಸರಿ 320 ನ್ಯೂಟನ್ ಪೆಟ್ಟು. ಕೈ ಎಳೆದು ಇಪ್ಪತ್ತನೇ ಒಂದು ಭಾಗ ತಗೊಂಡರೆ ಬರೀ 64. ಚೆಂಡಿನ ಮೊಮೆಂಟಮ್ ಅದೇ, ನಿಲ್ಲೋಕೆ ಸಮಯ ಹೆಚ್ಚು, ಅಷ್ಟೆ. ಲೆಕ್ಕ ಮಕ್ಕಳಿಗೆ ಹತ್ತಿದೆ, ಪದ ಹತ್ತುತ್ತಿಲ್ಲ. ಪಠ್ಯದ ‘ಸಂವೇಗ’ವನ್ನು ಹೋದ ಸಲ ಚಾರ್ಟಿನಲ್ಲಿ ಮೂವರು ‘ಸಮವೇಗ’ ಅಂತ ಬರೆದರು. ಅದು ಬದಲಾಗದ ವೇಗ, ಬೇರೆಯೇ ಅಲ್ವಾ?

ಸಾಗರದಿಂದ:
‘ರಭಸ’ ಅನ್ನಿ. ಅಚ್ಚಕನ್ನಡ, ಎಲ್ಲರಿಗೂ ಗೊತ್ತು. ಮುಗೀತು.

ಶಿವಮೊಗ್ಗದಿಂದ:
ರಭಸ ಅಚ್ಚ ಸಂಸ್ಕೃತ ಮಾರಾಯ್ರೆ. ನಿಘಂಟು ತೆಗೆದು ನೋಡಿ ಬರೆಯಿರಿ. ಕನ್ನಡವೇ ಬೇಕಂದ್ರೆ ‘ಬಿರುಸು’ ಇದೆ. ಬಿರುಗಾಳಿ, ಬಿರುಮಳೆಯಲ್ಲಿರುವ ಅದೇ ‘ಬಿರು’. ನಾನು ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೆ, ಯಾರೂ ಕೇಳೋದಿಲ್ಲ.

ಹೊಸನಗರದಿಂದ:
ನಮ್ಮಲ್ಲಿ ಆರಿದ ಅಕ್ಕಿರೊಟ್ಟಿಯೂ ಬಿರುಸೇ. ತಟ್ಟೆಯಲ್ಲಿ ಸುಮ್ನೆ ಕೂತಿರುವ ರೊಟ್ಟಿಗೆ ಎಲ್ಲಿಂದ ಮೊಮೆಂಟಮ್ ಬರಬೇಕು? ರಭಸವೂ ಸರಿಯಿಲ್ಲ. ಕಬಡ್ಡಿಯಲ್ಲಿ 50 ಕೆಜಿಯವನೂ 75 ಕೆಜಿಯವನೂ ಒಂದೇ ರಭಸದಲ್ಲಿ ನುಗ್ಗಿದರು ಅಂತೀವಿ. ತಡೆಯೋಕೆ ನಿಂತವನಿಗೆ ಮಾತ್ರ ಇಬ್ಬರೂ ಒಂದೇ ಅಲ್ಲ. ಆ ಒಂದೂವರೆ ಪಟ್ಟು ಪದದೊಳಗೆ ಬರಬೇಕು. ಇಲ್ಲಾಂದ್ರೆ ‘ಮೊಮೆಂಟಮ್’ ಅಂತಲೇ ಬರೆಸಿ. ಬ್ಯಾಟು, ವಿಕೆಟ್ಟು ನುಂಗಿದ ಬಾಯಿಗೆ ಇದೊಂದು ಸಿಕ್ಕಿಕೊಳ್ಳುತ್ತಾ?

ಶಿವಮೊಗ್ಗದಿಂದ:
ಸಿಕ್ಕಿಕೊಳ್ಳುತ್ತೆ. ಹೀಗೆ ಒಂದೊಂದೇ ನುಂಗಿ ಕೊನೆಗೆ ಕನ್ನಡದಲ್ಲಿ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ.

ಭದ್ರಾವತಿಯಿಂದ:
ಜಗಳ ಆಮೇಲೆ ಆಡಿ, ಒಳ್ಳೆ ಉದಾಹರಣೆ ಬಿಟ್ಟುಬಿಟ್ರಿ. ನಮ್ಮೂರಿನ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್! 1975ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಎದುರು ಔಟಾಗದೆ 97 ಹೊಡೆದರಲ್ಲ, ಅಂಥ ವೇಗದ ಬೌಲಿಂಗಿಗೆ ಕಟ್ ಮಾಡೋನು ಹೊಸದಾಗಿ ಜಾಸ್ತಿ ಏನೂ ಕೊಡಬೇಕಿಲ್ಲ, ಚೆಂಡು ಹೊತ್ತು ತಂದದ್ದನ್ನೇ ಪಕ್ಕಕ್ಕೆ ತಿರುಗಿಸಿದರೆ ಸಾಕು. ಮೊಮೆಂಟಮ್‌ಗೆ ದಿಕ್ಕೂ ಇದೆ ಅಂತ ಇದಕ್ಕಿಂತ ಚೆಂದ ಹೇಗೆ ಹೇಳ್ತೀರಿ? ಪದ ಮಾತ್ರ ಪಠ್ಯದ್ದೇ ಇರಲಿ. ಮಕ್ಕಳು ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಸಂವೇಗ. ‘ಸಂ’ ಅಂದ್ರೆ ಸಮ ಅಲ್ಲ ಅಂತ ಒಂದು ದಿನ ಕೂರಿಸಿ ಹೇಳಿ.

ಸಾಗರದಿಂದ:
ಪಠ್ಯದ ಕಥೆ ಬೇಡ. ಅದರಲ್ಲಿ ಸ್ಪೀಡಿಗೆ ‘ಜವ’. ಊರಲ್ಲಿ ಜವ ಅಂದ್ರೆ ಜವರಾಯ. ಕೋಣ ಎಷ್ಟು ಜೋರಾಗಿ ಓಡುತ್ತೆ ಅಂತ ಕೇಳ್ತಾರೆ ಮಕ್ಕಳು.

ಶಿವಮೊಗ್ಗದಿಂದ:
ಆ ಜವ ಯಮನ ತದ್ಭವ, ಈ ಜವ ಸಂಸ್ಕೃತದ ಬೇರೆ ಪದ. ರಭಸ ಅಚ್ಚಕನ್ನಡ ಅಂದವರಿಗೆ ಇದೂ ಒಂದೇ, ಅದೂ ಒಂದೇ.

ತೀರ್ಥಹಳ್ಳಿ ಮೇಷ್ಟ್ರು:
ಪೇಂಟರ್ ಬಂದು ಹೋದರು. ‘ಸಂವೇಗ = ರಾಶಿ × ವೇಗ’ ಅಂತ ಬರೆಸಿ, ಕೆಳಗೆ ಸಣ್ಣದಾಗಿ ‘ಭಾರದವನು ಜೋರಾಗಿ ಬಂದರೆ ತಡೆಯೋದು ಕಷ್ಟ’ ಅಂತ ಸೇರಿಸಿದೆ. ಬಿರುಸಿನವರು ಕ್ಷಮಿಸಬೇಕು. ಬ್ರಷ್ ತೊಳೆಯುತ್ತಾ ಪೇಂಟರ್ ಕೇಳಿದರು: “ಸಾರ್, ರಾಶಿ ಅಂದ್ರೆ ಅಡಿಕೆನಾ? ಮಂಡಿಯಲ್ಲಿ ಈಗ ರೇಟ್ ಎಷ್ಟಿದೆ?”